ಸೌಟಣ್ಣನ ನಾಲಿಗೆ

ಉಪ್ಪು ಸರಿಯಿದೆಯೇ, ಇಲ್ಲವೇ ಸರಿಯಿದೆ ಎಂದು ಅನ್ನಿಸುವುದು ಬರೀ ಅಭ್ಯಾಸವೇ? ಮೂರನೇ ಸಲ ಚಮಚ ಅದ್ದಿ ನಾಲಿಗೆಯ ಮೇಲಿಟ್ಟುಕೊಂಡರೂ ಅವನಿಗೆ ತೀರ್ಮಾನವಾಗಲಿಲ್ಲ. ಮೊದಲ ಚಮಚಕ್ಕೆ ಸಾಲದು ಅನ್ನಿಸಿತ್ತು. ಎರಡನೆಯದಕ್ಕೆ ಸಾಕು ಅನ್ನಿಸಿತ್ತು. ಈಗ, ಇಷ್ಟೆಲ್ಲ ಯೋಚಿಸಿದ ಮೇಲೆ ಯಾವ ನಾಲಿಗೆ ತಾನೇ ನಿಜ ಹೇಳೀತು ಎಂಬ ಹೊಸ ಸಂಶಯ ಶುರುವಾಗಿತ್ತು.

"ಏನ್ ಯಜಮಾನ್ರೇ, ರುಚಿ ನೋಡ್ತಿದೀರೋ ತೀರ್ಪು ಬರೀತಿದೀರೋ? ಅಲ್ಲಿ ಒಲೆ ಮೇಲೆ ಅನ್ನ ಸೀಯ್ತಾ ಇದೆ," ಎಂದ ಸೌಟಣ್ಣ, ಬಾಗಿಲ ಸಂದಿಯಿಂದ ಓಣಿಯತ್ತ ಒಂದು ಕಣ್ಣಿಟ್ಟುಕೊಂಡು.

"ಉಪ್ಪು ಅರ್ಧ ಚಿಟಿಕೆ. ಕಾರ ಇನ್ನೂ ತಗ್ಗಬೇಕು. ಹುಳಿ ಸಾಕು."

"ಇನ್ನೂ ತಗ್ಗಿಸೋದಾ? ಅಷ್ಟು ದೊಡ್ಡ ಪಾತ್ರೆಗೆ ಹಾಕಿರೋದೇ ನಾಲ್ಕು ಮೆಣಸಿನಕಾಯಿ."

"ಎರಡು ತೆಗಿ."

"ಬೆಂದು ಕರಗಿದ್ದನ್ನ ಹೇಗೆ ತೆಗೀಲಿ, ಇಕ್ಕಳ ಹಾಕಿ ಎಳೀಲಾ?"

"ಬೇಳೆ ಕಟ್ಟು ಸೇರಿಸು. ಅಡುಗೆಯವನು ನೀನೋ ನಾನೋ?"

ಸೌಟಣ್ಣ ಬಟ್ಟಲಿಗೆ ಮುಚ್ಚಳ ಹಾಕಿದ. ಆ ಪ್ರಶ್ನೆಯನ್ನು ಈಚೆಗೆ ಅವನೇ ತನಗೆ ಕೇಳಿಕೊಳ್ಳುತ್ತಿದ್ದ.

ರುಚಿ ನೋಡುತ್ತಿದ್ದವನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಬೀದಿಯವರಿಗೆಲ್ಲ ಅವನು 'ಕಟ್ಟಿನವರು'. ಅಂಗಡಿಯ ಬೆನ್ನಿಗೇ ಊಟದ ಹೋಟೆಲಿನ ಅಡುಗೆಮನೆ. ಎರಡರ ಹಿಂಬಾಗಿಲುಗಳ ನಡುವೆ ಮೂರು ಹೆಜ್ಜೆ ಅಗಲದ ಓಣಿ. ಹೋಟೆಲಿನ ಅಡುಗೆಯವನಾದ ಸೌಟಣ್ಣ ದಿನಾ ಹತ್ತೂಮುಕ್ಕಾಲಿಗೆ ಆ ಓಣಿ ದಾಟಿ, ಮುಚ್ಚಳ ಹಾಕಿದ ಸ್ಟೀಲಿನ ಬಟ್ಟಲನ್ನು ಟವೆಲಿನ ಅಡಿಯಲ್ಲಿ ಹಿಡಿದು ಬರುತ್ತಿದ್ದ. ಯಾರಾದರೂ ಕೇಳಿದರೆ ಇರಲಿ ಎಂದು ಕಂಕುಳಲ್ಲಿ ಒಂದು ಚಿತ್ರ: ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಜಲಪಾತ, ಕಟ್ಟು ಹಾಕಿಸಲು ತಂದದ್ದು. ಮೂರು ತಿಂಗಳಿಂದ ಅದೇ ಜಲಪಾತ ಬರುತ್ತಿತ್ತು, ಹೋಗುತ್ತಿತ್ತು. ಅದರ ಅಂಚೆಲ್ಲ ಸಾರಿನ ಕಲೆಯಾಗಿ ಹಳದಿಗಟ್ಟಿತ್ತು.

ಮೂರು ತಿಂಗಳ ಹಿಂದೆ ಸೌಟಣ್ಣನಿಗೆ ಒಂದು ಜ್ವರ ಬಂದು ನಾಲ್ಕು ದಿನ ಮಲಗಿಸಿತ್ತು. ಜ್ವರ ಹೋಯಿತು, ಹೋಗುವಾಗ ಅವನ ಮೂಗು ನಾಲಿಗೆ ಎರಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಬಾಯಲ್ಲಿ ಏನಿಟ್ಟರೂ ನೆನೆದ ರಟ್ಟಿನಂತೆ, ಮೆಣಸಿನಕಾಯಿ ಅಗಿದರೂ ಉರಿಯಿಲ್ಲ. ಒಂದು ವಾರ ಕಣ್ಣಳತೆಯಲ್ಲಿ ದಬ್ಬಿದ. ಅದೇ ವಾರ ಕಟ್ಟಿನವನ ಹೆಂಡತಿ ತವರಿಗೆ ಹೋಗಿದ್ದಳು, ಅವನು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ. ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಅವನು ತಟ್ಟೆ ತಳ್ಳಲಿಲ್ಲ, ಹೋಟೆಲಿನ ಯಜಮಾನಿಯನ್ನು ಕರೆಯಲಿಲ್ಲ. ಇದ್ದದ್ದನ್ನು ತಿಂದು, ಕೈ ತೊಳೆದು, ಸುತ್ತು ಹಾಕಿ ಹಿಂಬಾಗಿಲಿಗೆ ಬಂದು ಸೌಟಣ್ಣನ ಕಿವಿಯಲ್ಲಿ ಹೇಳಿ ಹೋದ.

ಯಜಮಾನಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಗಲ್ಲಾದಮ್ಮ ಎಂದು. ಗಲ್ಲಾದ ಹಿಂದೆ ಕೂತವಳು ಗಿರಾಕಿಗಳ ಮುಖ ನೋಡುತ್ತಿರಲಿಲ್ಲ, ತೊಳೆಯಲು ಹೋಗುವ ತಟ್ಟೆಗಳನ್ನು ನೋಡುತ್ತಿದ್ದಳು. ತಟ್ಟೆಯಲ್ಲಿ ಏನು ಉಳಿಯಿತು, ಎಷ್ಟು ಉಳಿಯಿತು ಎಂಬುದೇ ಅವಳಿಗೆ ಅಡುಗೆಯವನ ಪರೀಕ್ಷೆ. ಸೌಟಣ್ಣನಿಗಿಂತ ಮುಂಚೆ ಇದ್ದ ಇಬ್ಬರು ಹಾಗೆಯೇ ಹೋಗಿದ್ದರು, ಒಬ್ಬನಂತೂ ಬೆಳಿಗ್ಗೆ ಬಂದವನು ಮಧ್ಯಾಹ್ನಕ್ಕೆ ಹೊರಗಿದ್ದ. ನಾಲಿಗೆಯಿಲ್ಲದ ಅಡುಗೆಯವನನ್ನು ಅವಳು ಒಂದು ಊಟದ ಹೊತ್ತೂ ಇಟ್ಟುಕೊಳ್ಳುವವಳಲ್ಲ. ಐವತ್ತೈದು ದಾಟಿದ ಸೌಟಣ್ಣನನ್ನು ಕೆಲಸಕ್ಕೆ ಕರೆಯುವವರು ಬೇರೆ ಯಾರೂ ಇರಲಿಲ್ಲ.

"ನಿಮ್ಮನ್ನೇ ಯಾಕೆ ಹಿಡ್ಕೊಂಡೆ ಅಂದ್ರೆ, ನೀವು ಬಾಯಿ ಬಿಡೋರಲ್ಲ," ಎಂದಿದ್ದ ಅವನು, ಬಟ್ಟಲು ತಂದ ಮೊದಲ ದಿನ. "ನಿಮ್ಮ ಬಾಯಿಂದ ಒಂದು ಮಾತು ಹೊರಗೆ ಬರೋ ಹೊತ್ತಿಗೆ ನಾನು ಮುದುಕನಾಗಿ ಮನೇಲಿ ಕೂತಿರ್ತೀನಿ. ಯಾರಿಗೂ ಹೇಳಬಾರದು. ಮನೇಲೂ."

ಹೊಗಳಿಕೆಯೋ ಚುಚ್ಚುಮಾತೋ ತಿಳಿಯದೆ ಕಟ್ಟಿನವನು ತಲೆಯಾಡಿಸಿದ್ದ.

ಆದರೆ ರುಚಿ ಹೇಳುವುದೆಂದರೆ ಯಾವುದಕ್ಕೆ ಹೋಲಿಸಿ ಹೇಳುವುದು? ಗಾಜು ಕೊಯ್ಯಲು ಅವನಲ್ಲಿ ಮೂರು ಅಳತೆಪಟ್ಟಿಗಳಿದ್ದವು. ನಾಲಿಗೆಗಿದ್ದದ್ದು ಒಂದೇ ಅಳತೆ, ಮನೆಯದು. ಸಾರು ಬಾಯಿಗಿಟ್ಟಾಗಲೆಲ್ಲ ಹೆಂಡತಿ ಹಿಂದಿನ ರಾತ್ರಿ ಬಡಿಸಿದ್ದನ್ನು ನೆನೆಸಿಕೊಳ್ಳುತ್ತಿದ್ದ, ಅದರ ಹತ್ತಿರಕ್ಕೆ ಬರುವವರೆಗೂ ಅದು ಕಡಿಮೆ ಇದು ಜಾಸ್ತಿ ಎನ್ನುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಹೋಟೆಲಿನ ಅಡುಗೆ ಮೆತ್ತಗೆ, ಹಿತವಾಗಿ, ಸದ್ದಿಲ್ಲದೆ ಬದಲಾಯಿತು. ಹಲ್ಲು ಕಟ್ಟಿಸಿಕೊಂಡ ಮುದುಕರು ಬಂದರು. ಕೂಸುಗಳನ್ನು ಎತ್ತಿಕೊಂಡ ತಾಯಂದಿರು ಬಂದರು. ಎದೆಯುರಿಯ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಓಡಾಡುವ ಗುಮಾಸ್ತರು ಬಂದರು. ಮರದ ಮಂಡಿಯ ಹಮಾಲರು ಮಾತ್ರ ಗೊಣಗಿದರು. ಪ್ರತಿ ಮೇಜಿನ ಮೇಲೂ ಇಟ್ಟಿದ್ದ ಕಾರದಪುಡಿಯ ಡಬ್ಬಿ ಅವರು ಎದ್ದು ಹೋಗುವಷ್ಟರಲ್ಲಿ ಖಾಲಿ.

ಗಲ್ಲಾದಮ್ಮನಿಗೆ ತಟ್ಟೆಗಳು ಖಾಲಿಯಾಗಿ ಬರುವುದು ಕಂಡಿತು. ಒಂದು ಹಲಗೆಯ ಮೇಲೆ 'ಇಲ್ಲಿ ಮನೆಯ ರುಚಿ' ಎಂದು ದಪ್ಪಕ್ಷರದಲ್ಲಿ ಬರೆಸಿದಳು. ಅದಕ್ಕೆ ಕಟ್ಟು ಹಾಕಿಸಲು ತಂದುಕೊಟ್ಟದ್ದು ಅವನ ಅಂಗಡಿಗೇ.

"ಚೆನ್ನಾಗಿ ಕಾಣೋ ಹಾಗೆ ಹಾಕ್ಕೊಡಿ. ಬೀದಿ ತುದಿಯಿಂದ ಓದಬೇಕು," ಎಂದಳು.

ಯಾರ ಮನೆಯ ರುಚಿ ಎಂದು ಕೇಳುವ ಮನಸ್ಸಾಯಿತು ಅವನಿಗೆ. ಕೇಳದೆ, ನಾಲ್ಕೂ ಮೂಲೆ ಕೂಡಿಸಿ, ಸಣ್ಣ ಮೊಳೆ ಹೊಡೆದು, ಹಿಂದೆ ಕಂದು ಕಾಗದ ಅಂಟಿಸಿ ಕೊಟ್ಟ. ತನ್ನ ಕುತ್ತಿಗೆಗೆ ತಾನೇ ಇಷ್ಟು ಅಚ್ಚುಕಟ್ಟಾಗಿ ಕಟ್ಟು ಹಾಕಿಕೊಂಡವರು ಯಾರಾದರೂ ಇದ್ದಾರೆಯೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ.

ಬೀದಿ ತುದಿಯಿಂದ ಓದಿದವಳು ಅವನ ಹೆಂಡತಿ. ಮಾರುಕಟ್ಟೆಯಿಂದ ಬರುವಾಗ ಎದುರುಮನೆಯವಳ ಜೊತೆ ಒಳಗೆ ಹೋಗಿ ಕೂತು, ಉಂಡು ಬಂದಳು. ಸಂಜೆ ಅವನು ಚಪ್ಪಲಿ ಬಿಡುವ ಮೊದಲೇ ಶುರುವಾಯಿತು.

"ರೀ, ಆ ಹೋಟ್ಲಲ್ಲಿ ನನ್ನ ಸಾರು ಕೊಟ್ರು."

"ಸಾರಲ್ಲಿ ನಿಂದು ನಂದು ಏನಿರುತ್ತೆ?"

"ಇರುತ್ತೆ. ಬೇಳೆ ಅರ್ಧ ಒಡೆದಿರಬೇಕು, ಅರ್ಧ ಹಾಗೇ ಇರಬೇಕು. ಕೊನೇಲಿ ಬೆಳ್ಳುಳ್ಳಿ ಹಸೀದೇ ಜಜ್ಜಿ ಹಾಕಬೇಕು. ಉಪ್ಪು ಇಷ್ಟೇ, ಕಾರ ಇಷ್ಟೇ. ಇದು ನನ್ನ ಕೈ ಅಳತೆ. ಇದನ್ನ ನಾನು ಎಲ್ಲೂ ಬರೆದಿಟ್ಟಿಲ್ಲ, ಯಾರಿಗೂ ಹೇಳಿಲ್ಲ."

ಬೆಳ್ಳುಳ್ಳಿಯನ್ನು ಹಸಿಯಾಗಿ ಜಜ್ಜಿ ಹಾಕಬೇಕೆಂದು ಹೇಳಿದ್ದು ಅವನೇ. ಸೌಟಣ್ಣ ಹುರಿದು ಹಾಕುತ್ತಿದ್ದ. ಏನೋ ಬೇರೆಯೆನಿಸಿ, ಎರಡು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಒಂದು ಭಾನುವಾರ ಮನೆಯ ಅಡುಗೆಮನೆಯಲ್ಲಿ ನೀರು ಕುಡಿಯುವ ನೆಪದಲ್ಲಿ ನಿಂತು ನೋಡಿಕೊಂಡಿದ್ದ.

"ಎಲ್ಲರೂ ಹಾಗೇ ಮಾಡ್ತಾರೇನೋ," ಎಂದ.

"ಯಾರೂ ಹಾಗೆ ಮಾಡಲ್ಲ. ಮಾಡಬೇಕಾದ ಕರ್ಮ ಯಾರಿಗೂ ಇಲ್ಲ," ಎಂದಳು. ಅದರರ್ಥ ಅವನಿಗೆ ಆಗ ಆಗಲಿಲ್ಲ, ಕೇಳಲೂ ಇಲ್ಲ. "ನಿಮ್ಮ ತಂಗಿನೇ ಇರಬೇಕು. ಅವಳೊಬ್ಬಳೇ ನನ್ನ ಪಕ್ಕ ನಿಂತು ಅಡುಗೆ ಕಲಿತಿರೋದು."

ತಂಗಿಯ ಮನೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ. ಅವಳನ್ನು ಕರೆಸುವುದು ಬೇಡ ಎಂದು ಅವನು ಹೇಳುವಷ್ಟರಲ್ಲಿ ಹೆಂಡತಿ ಮೆಟ್ಟಿಲ ಬುಡಕ್ಕೆ ಹೋಗಿ ಕೂಗಿಯಾಗಿತ್ತು. ತಂಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಇಳಿದು ಬಂದಳು.

"ಏನತ್ತಿಗೆ, ಏನು ಕಳೆದೋಯ್ತು?"

"ಹೋಟ್ಲು ಸೌಟಣ್ಣನಿಗೆ ಏನೇನು ಹೇಳ್ಕೊಟ್ಟಿದೀಯ?"

"ಯಾರಿಗೆ?"

"ನಾಟಕ ಬೇಡ. ಗಲ್ಲಾದಮ್ಮ ನಿಂಗೆ ದೋಸ್ತಿ ಅಲ್ವಾ? ಹಬೆ ಆಡ್ತಿರೋ ನನ್ನ ಸಾರನ್ನ ಬಟ್ಟಲಲ್ಲಿ ಇಟ್ಟು ಬೀದಿಗೆ ಬಡಿಸ್ತಿದಾರೆ. ಬೋರ್ಡು ಬೇರೆ. ಮನೆಯ ರುಚಿಯಂತೆ. ಯಾರ ಮನೆ ಅಂತ ಬರೆದಿಲ್ಲ, ಅಷ್ಟು ಪುಣ್ಯ."

ತಂಗಿ ಅಣ್ಣನ ಮುಖ ನೋಡಿದಳು. ಅಣ್ಣ ಗೋಡೆಯ ಗಡಿಯಾರ ನೋಡಿದ.

"ಅತ್ತಿಗೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮಡುಗೆ ನಾನು ಕದ್ರೂ ಅದನ್ನ ತಗೊಂಡು ಏನು ಮಾಡ್ಲಿ? ಉಪ್ಪಿಲ್ಲ, ಕಾರ ಇಲ್ಲ, ಹುಳಿ ಇಲ್ಲ. ಮದುವೆಯಾಗಿ ಹೋದ ಮೇಲೆ ನಮ್ಮನೆಯವರಿಗೆ ನಿಮ್ಮ ಥರಾ ಸಾರು ಮಾಡಿ ಬಡಿಸಿದೆ. ಅವರು, ಯಾರಿಗೆ ಹುಷಾರಿಲ್ಲ ಅಂತ ಕೇಳಿದ್ರು. ಅವತ್ತೇ ಬಿಟ್ಟೆ."

ಹೆಂಡತಿ ಇದಕ್ಕೆ ಬೆಂಕಿಯಾಗುತ್ತಾಳೆ ಎಂದುಕೊಂಡ ಅವನು ಕುರ್ಚಿಯ ಕೈ ಬಿಗಿಯಾಗಿ ಹಿಡಿದ. ಅವಳು ತಂಗಿಯ ಮುಖವನ್ನು ಬಿಟ್ಟು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಕಿಟಕಿಯ ಬಳಿ ಹೋಗಿ ನಿಂತಳು.

"ಸರಿ," ಎಂದಳು ಕೊನೆಗೆ. "ಭಾನುವಾರ ಮೂರೂ ಜನ ಅಲ್ಲೇ ಊಟಕ್ಕೆ ಹೋಗೋಣ. ಉಂಡು, ಗಲ್ಲಾದಮ್ಮನ ಎದುರಿಗೇ ಆ ಸೌಟಣ್ಣನ್ನ ಕೇಳ್ತೀನಿ. ನಿಂಗೆ ಇದನ್ನ ಹೇಳಿಕೊಟ್ಟೋರು ಯಾರಪ್ಪಾ ಅಂತ. ಹೇಳಿದ್ರೆ ಸರಿ. ಹೇಳದೇ ಇದ್ರೆ, ನನ್ನ ಎದುರಿಗೆ ರುಚಿ ನೋಡಿ ಏನೇನು ಹಾಕಿದೀಯ ಹೇಳು ಅಂತೀನಿ."

ಗಲ್ಲಾದಮ್ಮನ ಎದುರಿಗೆ ಸೌಟಣ್ಣ ರುಚಿ ನೋಡುವುದೆಂದರೆ ಅಲ್ಲಿಗೆ ಅವನ ಕಥೆ ಮುಗಿದಂತೆಯೇ. ಹೆಂಡತಿಗೆ ನಿಜ ಹೇಳಿಬಿಡೋಣವೇ? ಮಾತು ಕೊಟ್ಟಾಗಿತ್ತು. ಅದೂ ಅಲ್ಲದೆ, ಮೂರು ತಿಂಗಳು ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದರೆ ಅದಕ್ಕೆ ಇನ್ನೊಂದು ಉತ್ತರ ಹುಡುಕಬೇಕಿತ್ತು. ತನಗೆ ಯಾಕೆ ಬೇಕಿತ್ತು ಈ ಉಸಾಬರಿ ಎಂದು ಅವನಿಗೆ ಸೌಟಣ್ಣನ ಮೇಲೆ, ಅವನ ಜ್ವರದ ಮೇಲೆ, ಮನೆಯ ರುಚಿ ಬೇಕೆಂದು ಮನೆ ಬಿಟ್ಟು ಬರುವ ಜನರ ಮೇಲೆ ಒಟ್ಟೊಟ್ಟಿಗೇ ಸಿಟ್ಟು ಬಂತು.

ಶನಿವಾರ ಓಣಿಯಲ್ಲಿ ಸೌಟಣ್ಣನನ್ನು ಹಿಡಿದು ನಿಲ್ಲಿಸಿದ.

"ನಾಳೆ ನಿನ್ನ ಅಡುಗೆ ನಮ್ಮನೆ ಅಡುಗೆ ಥರ ಇರಬಾರದು."

"ನಂದು ನಿಮ್ಮನೆ ಅಡುಗೆ ಥರ ಇದೆ ಅಂತ ಇವತ್ತೇ ನಂಗೆ ಗೊತ್ತಾಗಿದ್ದು. ಮತ್ತೆ ಹೇಗಿರಬೇಕು?"

"ಜ್ವರ ಬರೋಕೆ ಮುಂಚೆ ಹೇಗೆ ಮಾಡ್ತಿದ್ದೆ, ಹಾಗೆ. ಅದರ ಮೇಲೆ ಇನ್ನೊಂದು ಹಿಡಿ ಕಾರ. ಹುಳೀನೂ ಜಾಸ್ತಿ ಮಾಡು."

"ಮುದುಕರು ಸಾಯ್ತಾರೆ ಯಜಮಾನ್ರೇ."

"ಒಂದು ದಿನಕ್ಕೆ ಸಾಯಲ್ಲ. ನೀನು ಉಳೀತೀಯ."

ಭಾನುವಾರದ ಬಟ್ಟಲು ಬಂದಾಗ ಅದರ ಬಣ್ಣ ನೋಡಿಯೇ ಅವನ ಕಣ್ಣು ಉರಿಯಿತು. ಒಂದು ಚಮಚ ಬಾಯಿಗಿಟ್ಟ. ನೆತ್ತಿಗೇರಿ, ಗಾಜಿನ ಹಾಳೆಗಳನ್ನು ಒರಗಿಸಿದ್ದ ಗೋಡೆ ಹಿಡಿದು ಕೆಮ್ಮಿದ. ಇದು ಮನೆಯದಲ್ಲ. ಅಷ್ಟರಮಟ್ಟಿಗೆ, ಮೂರು ತಿಂಗಳಲ್ಲಿ ಮೊದಲ ಸಲ, ಅವನಿಗೆ ಯಾವ ಸಂಶಯವೂ ಉಳಿಯಲಿಲ್ಲ.

ಹೋಟೆಲು ಕಿಕ್ಕಿರಿದಿತ್ತು. ಕಿಟಕಿಯ ಪಕ್ಕದ ಮೇಜು ಸಿಕ್ಕಿತು. ಹೆಂಡತಿ ಗಲ್ಲಾದ ಕಡೆಗೆ ಮುಖ ಮಾಡಿ ಕೂತಳು, ತಂಗಿ ಎದುರಿಗೆ, ಅವನು ಇಬ್ಬರ ನಡುವೆ. ಅನ್ನ ಬಂತು, ಸಾರು ಬಂತು. ಹೆಂಡತಿ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು.

ಅಗಿಯುವುದನ್ನು ನಿಲ್ಲಿಸಿದಳು.

ಆಯಿತು, ತನ್ನದಲ್ಲವೆಂದು ಗೊತ್ತಾಯಿತು, ಇನ್ನು ಎದ್ದು ಹೋಗೋಣ ಎನ್ನುತ್ತಾಳೆ ಎಂದುಕೊಂಡ. ಅವಳು ನುಂಗಿದಳು. ಎರಡನೇ ತುತ್ತು ಇಟ್ಟುಕೊಂಡಳು. ಮೂರನೆಯದು ದೊಡ್ಡದಾಗಿತ್ತು. ಹಣೆಯ ಮೇಲೆ ಬೆವರು ಸಾಲುಗಟ್ಟಿತು, ಮೂಗಿನ ತುದಿ ಕೆಂಪಾಯಿತು, ಕಣ್ಣಲ್ಲಿ ನೀರು ತುಂಬಿತು. ಅದನ್ನು ಮುಂಗೈಯಿಂದ ಒರೆಸಿಕೊಂಡು, ತಲೆ ಎತ್ತದೆ, ಬಡಿಸುವವನಿಗೆ ಇನ್ನೊಂದು ಸೌಟು ಎಂದು ಬೆರಳು ತೋರಿಸಿದಳು. ಅವಳು ಹಾಗೆ ಉಣ್ಣುವುದನ್ನು ಅವನು ನೋಡಿಯೇ ಇರಲಿಲ್ಲ. ಮನೆಯಲ್ಲಿ ಅವಳು ಊಟ ಮಾಡುತ್ತಿದ್ದದ್ದು ಪಾತ್ರೆ ತೊಳೆಯುವ ಕೆಲಸವನ್ನೋ ಬಟ್ಟೆ ಮಡಿಸುವ ಕೆಲಸವನ್ನೋ ಮುಗಿಸುವ ಹಾಗೆ.

"ಅತ್ತಿಗೆ, ಇದಂತೂ ನಿಮ್ಮಡುಗೆ ಅಲ್ಲ ಬಿಡಿ," ಎಂದಳು ತಂಗಿ, ನಾಲಿಗೆ ಹೊರಹಾಕಿ ಗಾಳಿ ಬೀಸಿಕೊಳ್ಳುತ್ತ. "ಇನ್ನು ನನ್ನ ಹತ್ರ ಕ್ಷಮೆ ಕೇಳಬಹುದು ನೀವು."

"ಸುಮ್ನೆ ತಿನ್ನು," ಎಂದಳು ಹೆಂಡತಿ. ಸ್ವಲ್ಪ ಹೊತ್ತಿನ ಮೇಲೆ, ಯಾರಿಗೋ ಎಂಬಂತೆ, "ನಮ್ಮಮ್ಮ ಹೀಗೇ ಮಾಡ್ತಿದ್ಲು," ಎಂದಳು.

ಅಷ್ಟರಲ್ಲಿ ಸುತ್ತ ಕೆಮ್ಮು ಶುರುವಾಗಿತ್ತು. ಪಕ್ಕದ ಮೇಜಿನ ಮುದುಕರು ನೀರಿನ ಲೋಟ ಕೆಳಗಿಡದೆ ಕೂತಿದ್ದರು. ಒಂದು ಕೂಸು ಸೂರು ಹಾರುವಂತೆ ಅಳುತ್ತಿತ್ತು. ಮುಟ್ಟದ ತಟ್ಟೆಗಳು ಒಂದರ ಹಿಂದೊಂದು ಗಲ್ಲಾದ ಮುಂದೆ ಹಾದು ಹೋದವು. ಗಲ್ಲಾದಮ್ಮ ಎಂಟು ತಟ್ಟೆ ನೋಡಿದಳು, ಒಂಬತ್ತನೆಯದಕ್ಕೆ ಎದ್ದಳು. ಅವಳು ಅಡುಗೆಮನೆಯ ಕಡೆಗೆ ಹೊರಟದ್ದನ್ನು ಕಂಡು ಅವನೂ ಎದ್ದ. ಕೈ ತೊಳೆಯದೆ ಹೆಂಡತಿಯೂ ಹಿಂದೆ ಬಂದಳು.

"ಏನಯ್ಯ ಇದು? ಯಾರ ಮೇಲಿನ ಸಿಟ್ಟು ಸಾರಿಗೆ ಹಾಕಿದೀಯ?" ಗಲ್ಲಾದಮ್ಮ ದನಿ ಏರಿಸಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಒಂದು ಚಮಚ ತೆಗೆದು, ಪಾತ್ರೆಯಲ್ಲಿ ಅದ್ದಿ, ಸೌಟಣ್ಣನ ಕೈಗೆ ಕೊಟ್ಟಳು. "ಬಾಯಿಗಿಟ್ಟು ಹೇಳು. ಕಾರ ಹೇಗಿದೆ?"

ಸೌಟಣ್ಣ ಚಮಚ ಬಾಯಿಗಿಟ್ಟ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಕೆಮ್ಮಬೇಕಿತ್ತು. ಅವನು ಚಮಚವನ್ನು ಬಾಯಿಂದ ತೆಗೆದು, ಬಾಗಿಲಲ್ಲಿ ನಿಂತಿದ್ದ ಕಟ್ಟಿನವನ ಮುಖವನ್ನು ನೋಡಿದ. ಹೇಳಿ, ನಾನೀಗ ಏನು ಹೇಳಲಿ ಎಂದು ಕೇಳುವ ನೋಟ. ದಿನಾ ಹತ್ತೂಮುಕ್ಕಾಲಿಗೆ ಚಮಚ ಚಾಚಿ ನೋಡುತ್ತಿದ್ದ ಹಾಗೆಯೇ.

ಆ ನೋಟ ಎಲ್ಲಿಂದ ಹೊರಟು ಎಲ್ಲಿಗೆ ತಲುಪಿತೆಂದು ಹೆಂಡತಿ ಕಂಡಳು. ಗಂಡನ ಮುಖ ನೋಡಿದಳು. ಅದರಲ್ಲಿ ಏನಿತ್ತೋ, ಅವಳಿಗೆ ಬೇಕಾದದ್ದೆಲ್ಲ ಇತ್ತು.

"ಅವನನ್ನ ಬೈಬೇಡಿ," ಎಂದಳು ಗಲ್ಲಾದಮ್ಮನಿಗೆ. "ನಾನೇ ಕೇಳ್ಕೊಂಡಿದ್ದು. ಒಂದು ದಿನ ಕಾರವಾಗಿ ಮಾಡಪ್ಪಾ ಅಂತ. ನಂಗೊಬ್ಬಳಿಗೆ ಅಂದಿದ್ದೆ. ಅವನು ಪಾತ್ರೆಗೇ ಹಾಕ್ಬಿಟ್ಟಿದಾನೆ."

"ನೀವು ಕೇಳಿದ್ರಿ ಅಂತ ನನ್ನ ಹೋಟ್ಲು ಉರಿಸೋದಾ?"

ಹೊರಗಿನಿಂದ ಹಮಾಲರ ಮೇಜಿನವನೊಬ್ಬ ಕೂಗಿದ. "ಗಲ್ಲಾದಮ್ಮಾ, ಇವತ್ತು ಊಟ ಅಂದ್ರೆ ಊಟ. ಇನ್ನೊಂದು ಸುತ್ತು ಅನ್ನ ಕಳ್ಸಿ."

ಗಲ್ಲಾದಮ್ಮ ಬಾಗಿಲಿನಿಂದ ಇಣುಕಿದಳು. ಹಮಾಲರ ತಟ್ಟೆಗಳು ತೊಳೆದಿಟ್ಟಂತಿದ್ದವು. ಆ ಕಡೆಯ ಮುಟ್ಟದ ತಟ್ಟೆಗಳನ್ನೂ ಈ ಕಡೆಯ ನೆಕ್ಕಿದ ತಟ್ಟೆಗಳನ್ನೂ ಎರಡೆರಡು ಸಲ ನೋಡಿದಳು.

"ನಾಳೆಯಿಂದ ಎರಡು ಪಾತ್ರೆ," ಎಂದಳು ಸೌಟಣ್ಣನಿಗೆ. "ಒಂದು ಹಾಗೆ, ಒಂದು ಹೀಗೆ. ಒಂದರದು ಒಂದಕ್ಕೆ ಬೆರೆತರೆ ಪಾತ್ರೆ ಜೊತೆ ನೀನೂ ಹೊರಗೆ." ಗಲ್ಲಾಕ್ಕೆ ಹೋದಳು.

ಸೌಟಣ್ಣ ಚಮಚ ಹಿಡಿದುಕೊಂಡೇ ನಿಂತಿದ್ದ. ಹೆಂಡತಿ ಅವನನ್ನು ಸುಮ್ಮನೆ ದಾಟಿ ಹಿಂಬಾಗಿಲಿನಿಂದ ಓಣಿಗಿಳಿದಳು. ಗಂಡ ಹಿಂದೆ ಹೋದ.

"ಎಷ್ಟು ದಿನದಿಂದ?" ಎಂದಳು.

"ಮೂರು ತಿಂಗಳು. ಅವನಿಗೆ ಏನೂ ರುಚಿ ಗೊತ್ತಾಗಲ್ಲ. ಜ್ವರ ಬಂದಾಗಿಂದ."

"ಪಾಪ. ನಾನಿರಲಿ, ನಿಮ್ಮ ತಂಗಿ ಬೈಸ್ಕೊಳ್ಳೋವಾಗ್ಲೂ ಬಾಯಿ ಬಿಡಲಿಲ್ಲ ನೀವು."

"ಮಾತು ಕೊಟ್ಟಿದ್ದೆ."

"ಅದು ಸರಿ. ಅವನಿಗೆ ಏನು ಅಂತ ಹೇಳ್ಕೊಟ್ರಿ?"

"ನಿನ್ನಡುಗೆ. ನಂಗೆ ಗೊತ್ತಿರೋದು ಅದೊಂದೇ."

ಅವಳು ನಕ್ಕಳು. ಖುಷಿಯ ನಗು ಅದಲ್ಲ. ಬಹಳ ದಿನ ಹೊತ್ತದ್ದನ್ನು ಇಳಿಸಿ ಭುಜ ಅಲುಗಿಸಿಕೊಳ್ಳುವಾಗ ಬರುವಂಥದ್ದು.

"ಅದು ನನ್ನಡುಗೆ ಅಲ್ಲ ರೀ. ನಿಮ್ಮ ಪಥ್ಯ. ಮೂರು ತಿಂಗಳಿಂದ ಬೀದಿಗೆಲ್ಲ ಪಥ್ಯ ಬಡಿಸಿದೀರಿ ನೀವು. ನಿಮಗೆ ಹೊಟ್ಟೇಲಿ ಹುಣ್ಣಾಯ್ತಲ್ಲ, ಮದುವೆಯಾದ ಎರಡನೇ ವರ್ಷ. ನನ್ನ ಕೈ ಕಾರಕ್ಕೇ ಮಗನ ಹೊಟ್ಟೆ ತೂತಾಯ್ತು ಅಂತ ನಿಮ್ಮಮ್ಮ ಬಂದೋರ ಹೋದೋರ ಮುಂದೆಲ್ಲ ಹೇಳಿದ್ರು. ಅವತ್ತು ಮುಚ್ಚಿಟ್ಟೆ ಕಾರದ ಡಬ್ಬಿ. ಕಾರ ಇಲ್ಲದೆ ತಿನ್ನೋ ಹಾಗೆ ಮಾಡೋದು ಹೇಗೆ ಅಂತ ಕಲಿಯೋಕೆ ಎರಡು ವರ್ಷ ಬೇಕಾಯ್ತು ನಂಗೆ. ಒಂದೊಂದು ಚಿಟಿಕೆ ಅಳೆದು, ಅತ್ತು, ಮತ್ತೆ ಅಳೆದು. ಅದು ಹೋಟ್ಲಲ್ಲಿ ಸಿಗ್ತಿದೆ ಅಂದ್ರೆ ಸಿಟ್ಟು ಬರಲ್ವಾ? ಹತ್ತೊಂಬತ್ತು ವರ್ಷ ಆಯ್ತು. ನಂಗೆ ಅದು ಸೇರಲ್ಲ, ಗೊತ್ತಾ? ಒಂದು ದಿನಾನೂ ಸೇರಿಲ್ಲ."

ಅವನು ಓಣಿಯ ನೆಲ ನೋಡಿದ. ಮದುವೆಯ ಮೊದಲ ವರ್ಷ ಮನೆಯಲ್ಲಿ ಏನು ಉಂಡಿದ್ದೆನೆಂದು ನೆನೆಸಿಕೊಳ್ಳಲು ನೋಡಿದ, ನೆನಪಾಗಲಿಲ್ಲ. ನೆನಪಾದದ್ದು ಬೇರೆ. ಹುಣ್ಣಾಗಿ ಎಂಟು ತಿಂಗಳಿಗೆ, ಕೊನೆಯ ಸಲ ಡಾಕ್ಟರ ಬಳಿ ಹೋದದ್ದು. ಅವರು ಹೊಟ್ಟೆ ಒತ್ತಿ ನೋಡಿ, ಚೀಟಿ ಹರಿದು ಬುಟ್ಟಿಗೆ ಹಾಕಿ, ಪೂರ್ತಿ ವಾಸಿಯಾಗಿದೆ, ಇನ್ನು ಏನು ಬೇಕಾದರೂ ತಿನ್ನಿ ಎಂದಿದ್ದರು. ಕಾರಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ, ಹೊತ್ತು ಹೊತ್ತಿಗೆ ಉಣ್ಣದೆ ಅಂಗಡಿಯಲ್ಲಿ ಕೂತದ್ದೇ ತಪ್ಪು ಎಂದೂ ಹೇಳಿದ್ದರು. ಮನೆಗೆ ಬಂದು ಹೇಳಬೇಕೆಂದೇ ಹೊರಟಿದ್ದ. ಒಳಗೆ ಬಂದರೆ ಅಮ್ಮ ಕೋಣೆಯ ಒಂದು ಮೂಲೆಯಲ್ಲಿ, ಹೆಂಡತಿ ಇನ್ನೊಂದು ಮೂಲೆಯಲ್ಲಿ, ಅಪರೂಪಕ್ಕೆ ಇಬ್ಬರೂ ಜಗಳವಿಲ್ಲದೆ ಕೂತಿದ್ದರು. ಹೇಳಿದರೆ ಮತ್ತೆ ಮಾತು ಏಳುತ್ತದೆ, ನಾಳೆ ಹೇಳೋಣ ಎಂದುಕೊಂಡ. ನಾಳೆ ನಾಡಿದ್ದಾಯಿತು. ಎರಡು ವರ್ಷಕ್ಕೆ ಅಮ್ಮ ಹೋದರು. ಅಷ್ಟು ಹೊತ್ತಿಗೆ ಹೇಳಬೇಕಾದದ್ದೊಂದು ಇತ್ತೆಂಬುದೇ ಮರೆತಿತ್ತು. ಬಡಿಸಿದ್ದೇ ಮನೆಯ ರುಚಿಯಾಗಿತ್ತು.

"ಯಾಕೆ, ಹೊಟ್ಟೆ ನೋವಾ?" ಎಂದಳು ಅವಳು, ಅವನ ಮುಖ ನೋಡಿ. "ಒಂದು ತುತ್ತಾದ್ರೂ ತಿಂದಿರ್ತೀರಿ ಆ ಕಾರಾನ. ಬನ್ನಿ, ಮನೇಲಿ ತಣ್ಣಗೆ ಏನಾದ್ರೂ ಮಾಡ್ಕೊಡ್ತೀನಿ. ನಿಮ್ಮ ತಂಗೀನ ಒಬ್ಬಳನ್ನೇ ಕೂರಿಸಿ ಬಂದಿದೀವಿ ಅಲ್ಲಿ."

"ನೋವಿಲ್ಲ," ಎಂದ. ತಂಗಿಯನ್ನು ಕರೆತರಲು ಮತ್ತೆ ಹೋಟೆಲಿನೊಳಗೆ ನಡೆದ.

ಸೋಮವಾರದಿಂದ ಹತ್ತೂಮುಕ್ಕಾಲಿಗೆ ಎರಡು ಬಟ್ಟಲು ಬರತೊಡಗಿದವು. ಆ ಹೊತ್ತಿಗೆ ಹೆಂಡತಿ ಅಂಗಡಿಗೆ ಬಂದು, ಕೊಯ್ದಿಟ್ಟ ಪಟ್ಟಿಗಳನ್ನು ಸರಿಸಿ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಸಪ್ಪೆಯದು ಅವನಿಗೆ, ಕಾರದ್ದು ಅವಳಿಗೆ. ಅವನು ಮೂರು ಚಮಚ ಯೋಚಿಸುವಷ್ಟರಲ್ಲಿ ಅವಳದು ಒಂದೇ ಚಮಚಕ್ಕೆ ಮುಗಿಯುತ್ತಿತ್ತು.

"ಸೌಟಣ್ಣ, ಮೆಣಸಿನಕಾಯಿ ಹುರಿದು ಹಾಕು, ಹಸಿ ಬೇಡ. ಹುಳಿ ಇನ್ನೊಂದು ಸ್ವಲ್ಪ. ಹೆದರಬೇಡ, ಹಾಕು."

"ಅಮ್ಮಾ, ನೀವು ಮೊದಲೇ ಸಿಕ್ಕಿದ್ರೆ ಇವರ ಹತ್ರ ಮೂರು ತಿಂಗಳು ಒದ್ದಾಡ್ತಿರಲಿಲ್ಲ ನಾನು."

"ಇವರ ಹತ್ರ ನಾನು ಎಷ್ಟು ಒದ್ದಾಡಿದೀನಿ ಗೊತ್ತಾ ನಿಂಗೆ?"

ಇಬ್ಬರೂ ನಗುತ್ತಿದ್ದರು. ಒಂದು ದಿನ, ಅವಳು ಮಾತಿನಲ್ಲಿದ್ದಾಗ, ಅವನ ಚಮಚ ತಾನಾಗಿ ಅವಳ ಬಟ್ಟಲಿನತ್ತ ಹೋಯಿತು. ಅವಳು ನೋಡದೆಯೇ ಬಟ್ಟಲನ್ನು ಆಚೆಗೆ ಎಳೆದುಕೊಂಡಳು.

"ನಿಮಗಲ್ಲ ಅದು. ಸುಮ್ನಿರಿ. ರಾತ್ರಿಯೆಲ್ಲ ಹೊಟ್ಟೆ ಹಿಡ್ಕೊಂಡು ಕೂತ್ರೆ ನೋಡ್ಕೊಳ್ಳೋಳು ನಾನು."

ರಾತ್ರಿ ಮನೆಯಲ್ಲಿ ಅವಳು ಎಂದಿನಂತೆ ಬಡಿಸಿದಳು. ಬೇಳೆ ಅರ್ಧ ಒಡೆದಿತ್ತು, ಅರ್ಧ ಹಾಗೇ ಇತ್ತು. ಅವನಿಗೆ ಬಡಿಸಿ, ತನಗೂ ಅದನ್ನೇ ಬಡಿಸಿಕೊಂಡು ಎದುರಿಗೆ ಕೂತಳು. ನೀನಾದರೂ ಹೋಟೆಲಿನಿಂದ ತರಿಸಿಕೋ ಎಂದ. ಮನೆಯಲ್ಲಿ ಎರಡು ಥರ ಯಾಕೆ, ನೀವು ತಿನ್ನೋದನ್ನೇ ನಾನೂ ತಿಂತೀನಿ, ಅಭ್ಯಾಸ ಆಗಿದೆ ಎಂದಳು.

ಅವಳು ಬೇಗ ಬೇಗ ಉಂಡು ಮುಗಿಸಿದಳು. ಅವನು ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡ.

ತನ್ನ ಹೊಟ್ಟೆ ಹದಿನೆಂಟು ವರ್ಷದ ಹಿಂದೆಯೇ ವಾಸಿಯಾಗಿದೆ ಎಂದು ಅವನು ಅವಳಿಗೆ ಹೇಳಲಿಲ್ಲ.